*ಇಂದಿನ ಧಮ್ಮ ಚಿಂತನೆ: ನಕುಲಪಿತರ ಮುಪ್ಪು*

ಭಗವಾನ್ ಬುದ್ಧರು ಭಗ್ಗ ದೇಶದ ಸುಂಸುಮಾರಗಿರಿಯ ಬಳಿ, ಭೇಸಕಳಾ ವನದಲ್ಲಿ ತಂಗಿದ್ದಾಗ ನಕುಲಪಿತ ಎಂಬ ಗೃಹಸ್ಥರು ಬಂದರು. ತುಂಬಾ ವಯಸ್ಸಾಗಿತ್ತು, ಆಗಾಗ ಕಾಯಿಲೆ. ಮೊದಲಿನಂತೆ ಬಂದು ಭಿಕ್ಖುಗಳನ್ನು ಕಾಣಲೂ ಆಗುತ್ತಿರಲಿಲ್ಲ. ತಮಗೆ ಹಿತವಾಗುವ ಮಾತು ಹೇಳಬೇಕೆಂದು ಕೇಳಿಕೊಂಡರು. ಸಂಯುತ್ತ ನಿಕಾಯದ ಖಂಧ ಸಂಯುತ್ತ ಶುರುವಾಗುವುದೇ ಈ ಹಿರಿಯರ ಪ್ರಸಂಗದಿಂದ.

ಬುದ್ಧರು "ನಿಮಗೇನೂ ಆಗಿಲ್ಲ" ಎಂದು ಸಮಾಧಾನ ಮಾಡಲಿಲ್ಲ. ದೇಹ ರೋಗಕ್ಕೆ ಒಳಗಾಗಿರುವುದು ನಿಜ ಎಂದು ಮೊದಲು ಒಪ್ಪಿಕೊಂಡರು. ಆಮೇಲೆ, ದೇಹಕ್ಕೆ ರೋಗವಿದ್ದರೂ ಮನಸ್ಸಿಗೆ ಅದು ತಗಲದಂತೆ ಅಭ್ಯಾಸ ಮಾಡಬೇಕೆಂದರು.

ನಕುಲಪಿತರು ಅಲ್ಲಿಂದ ಸಾರಿಪುತ್ತರ ಬಳಿ ಹೋದರು. ಅವರ ಮುಖದ ಕಳೆ ಕಂಡು ಸಾರಿಪುತ್ತರು ವಿಷಯ ತಿಳಿದುಕೊಂಡು, ಆ ಮಾತನ್ನು ಬಿಡಿಸಿ ಹೇಳಿದರು. ರೂಪ, ವೇದನೆ, ಸಂಜ್ಞೆ, ಸಂಸ್ಕಾರ, ವಿಜ್ಞಾನ ಎಂಬ ಐದು ಖಂಧಗಳನ್ನು 'ನಾನು', 'ನನ್ನದು' ಎಂದು ಹಿಡಿದುಕೊಂಡರೆ, ಅವು ಬದಲಾದಾಗ ದುಃಖ ಹುಟ್ಟುತ್ತದೆ. ಹಿಡಿಯದವರಿಗೂ ಬದಲಾವಣೆ ಬರುತ್ತದೆ, ಆದರೆ ಮನಸ್ಸು ಕುಸಿಯುವುದಿಲ್ಲ.

*ನಮ್ಮ ಮನೆಗಳಲ್ಲಿ ನೋಡೋಣ.*

ಮಂಡಿನೋವು ದೇಹದ್ದು. "ಎಲ್ಲರಿಗೂ ಭಾರವಾದೆ" ಎಂಬುದು ಮನಸ್ಸು ಸೇರಿಸಿದ್ದು. ನಿವೃತ್ತಿಯಾಗಿದ್ದು ಸಂಗತಿ. "ಇನ್ನು ನನ್ನನ್ನು ಕೇಳುವವರಿಲ್ಲ" ಎಂದು ರಾತ್ರಿಯೆಲ್ಲ ಹೊರಳಾಡುವುದು ಸೇರಿಸಿದ್ದು. ಮಗ ಭಾನುವಾರ ಫೋನ್ ಮಾಡಲಿಲ್ಲ, ಅಷ್ಟೇ ಆಗಿರುವುದು. "ಮರೆತೇಬಿಟ್ಟ" ಎಂಬ ಕಥೆ ನಾವು ಕಟ್ಟಿದ್ದು. ದೇಹದ್ದಕ್ಕೆ ಗುಳಿಗೆ, ಊರುಗೋಲು ಬೇಕು. ಸೇರಿಸಿದ್ದನ್ನು ಗುರುತಿಸಿದರೆ ಅರ್ಧ ಭಾರ ಇಳಿದಂತೆ.

ಹಾಗೆಂದು ನೋವು ನುಂಗಿಕೊಂಡು ಕೂರಬೇಕಿಲ್ಲ. ಪಾವಾದಲ್ಲಿ ಒಂದು ರಾತ್ರಿ ಬೆನ್ನು ನೋಯುತ್ತಿದೆ ಎಂದು ಹೇಳಿ, ಉಪದೇಶವನ್ನು ಸಾರಿಪುತ್ತರಿಗೆ ಒಪ್ಪಿಸಿ ಸ್ವತಃ ಬುದ್ಧರೇ ಮಲಗಿದ್ದುಂಟು. 80ನೇ ವಯಸ್ಸಿನಲ್ಲಿ ತಮ್ಮ ದೇಹವನ್ನು ಹಗ್ಗ ಬಿಗಿದು ನಡೆಸುವ ಹಳೆಯ ಗಾಡಿಗೆ ಹೋಲಿಸಿದರು. ಅದರಲ್ಲಿ ಅವರಿಗೆ ಸಂಕೋಚವಿರಲಿಲ್ಲ. ಬಾಳಸಂಗಾತಿಯನ್ನು ಕಳೆದುಕೊಂಡವರಿಗೆ ಅಳು ಬಂದರೆ ಅದು ಸಾಧನೆಯ ಸೋಲೂ ಅಲ್ಲ.

*ಇಂದಿನ ಅಭ್ಯಾಸ*

🌼 ಬೆಳಿಗ್ಗೆ 5 ನಿಮಿಷ ಉಸಿರನ್ನು ಗಮನಿಸಿ. ನೆಲದ ಮೇಲೆ ಆಗದಿದ್ದರೆ ಕುರ್ಚಿಯಲ್ಲೇ ಕೂರಿ.
🌼 ನೋವು ಬಂದಾಗ "ನನ್ನ ಕಥೆ ಮುಗಿಯಿತು" ಎನ್ನುವ ಬದಲು "ಮಂಡಿಯಲ್ಲಿ ನೋವಿದೆ" ಎಂದಷ್ಟೇ ಹೇಳಿಕೊಳ್ಳಿ.
🌼 ದಿನಕ್ಕೆ ಒಬ್ಬರೊಡನೆಯಾದರೂ ಮನಬಿಚ್ಚಿ ಮಾತಾಡಿ. ನಕುಲಪಿತರೂ ಮನೆಯಲ್ಲೇ ಕೂರಲಿಲ್ಲ, ಎದ್ದು ಹೋಗಿ ಕೇಳಿದರು.
🌼 ಮಕ್ಕಳು, ಸೊಸೆ, ಅಳಿಯಂದಿರೇ, "ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ" ಎಂದು ಮಾತು ಮುಗಿಸಬೇಡಿ. ಬುದ್ಧರಂತೆ ಮೊದಲು ಒಪ್ಪಿಕೊಂಡು ಕೇಳಿಸಿಕೊಳ್ಳಿ.

ಬೇಸರ, ನಿದ್ದೆಗೇಡು, ಊಟ ಸೇರದಿರುವುದು 2 ವಾರ ಮೀರಿದರೆ ವೈದ್ಯರನ್ನು ಕಾಣಿ. ಬದುಕೇ ಬೇಡ ಎನ್ನಿಸಿದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹಿರಿಯರ ಸಹಾಯವಾಣಿ 14567. ಬುದ್ಧರು ಭಿಕ್ಖುಗಳಿಗೂ ಔಷಧಿಗೆ ಅನುಮತಿ ಕೊಟ್ಟಿದ್ದರು. ಧ್ಯಾನ ಮಾಡುವವರಿಗೆ ಮಾತ್ರೆ ನಿಷಿದ್ಧವಲ್ಲ.

*ಮಲಗುವ ಮುನ್ನ ಕೇಳಿಕೊಳ್ಳೋಣ:* ಇಂದಿನ ನನ್ನ ನೋವಿನಲ್ಲಿ ದೇಹದ್ದೆಷ್ಟು, ನಾನು ಸೇರಿಸಿದ್ದೆಷ್ಟು?

ಭವತು ಸಬ್ಬ ಮಂಗಳಂ
ಸಾಧು ಸಾಧು ಸಾಧು 🙏