ಚೀನಾದ ರಾಜಕೀಯ ಬರಹ ಕನ್ನಡಕ್ಕೆ: ಮಾಡಬೇಕಾದ್ದು, ಮಾಡಬಾರದ್ದು

ಗಾದಿಗನೂರು, ಹೊಸಪೇಟೆ, ಸಂಡೂರು, ಕಂಪ್ಲಿ ಕಡೆಯಿಂದ ಭಾಷಾಂತರ ಕಲಿಯಲು ವಿಶ್ವವಿದ್ಯಾಲಯಕ್ಕೆ ಬರುವವರಿಗೂ, ಅವರಿಗೆ ಕಲಿಸುವ ಮೇಷ್ಟ್ರುಗಳಿಗೂ.

ಚೀನಾದ ಮಾತು ನಮಗೆ ದೂರದ್ದಲ್ಲ. ನಮ್ಮ ಬಳ್ಳಾರಿ ಕಡೆಯ ಕಬ್ಬಿಣದ ಅದಿರು ಲಾರಿ, ರೈಲು ಹತ್ತಿ ಬಂದರು ಸೇರಿ ಅಲ್ಲಿಗೆ ಹೋಗುತ್ತಿದ್ದ ಕಾಲ ನಮ್ಮವರಿಗೆಲ್ಲ ನೆನಪಿದೆ. 2010ರಲ್ಲಿ ರಾಜ್ಯ ಸರ್ಕಾರ ರಫ್ತು ತಡೆಯಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಹೀಗೆ ನಮ್ಮ ಬದುಕಿಗೆ ತಾಗುವ ಮಾತಾದ್ದರಿಂದ, ಉಕ್ಕಿನ ಬಗ್ಗೆ, ಗಡಿಯ ಬಗ್ಗೆ ಬೀಜಿಂಗ್ ಏನು ಹೇಳುತ್ತದೋ ಅದು ಕನ್ನಡದಲ್ಲಿ ಇದ್ದದ್ದು ಇದ್ದ ಹಾಗೆ ಬರಬೇಕು.

ಮಾಡಬೇಕಾದ್ದು

ಯಾವ ಪಠ್ಯ ನೋಡಿ ಅನುವಾದಿಸಿದಿರಿ ಎಂಬುದನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಇಂಗ್ಲಿಷ್ ನೋಡಿ ಮಾಡಿದ್ದಕ್ಕೆ ‘ಚೀನಿ ಮೂಲದಿಂದ’ ಎಂದು ಹಾಕುವುದು ಓದುಗರಿಗೆ ಮಾಡುವ ಮೋಸ.

ಚೀನಿ ಬಲ್ಲವರೊಬ್ಬರನ್ನು ಕರೆಸಿ, ಇಂಗ್ಲಿಷ್, ಚೀನಿ ಎರಡೂ ಪಠ್ಯಗಳನ್ನು ಬೋರ್ಡಿನ ಮೇಲೆ ಅಕ್ಕಪಕ್ಕ ಬರೆಸಿ. ಉದಾಹರಣೆಗೆ, ಅಮೆರಿಕ ಮತ್ತು ಚೀನಾ 1972ರಲ್ಲೂ 1979ರಲ್ಲೂ ಜಂಟಿ ಹೇಳಿಕೆ ಕೊಟ್ಟವು. ತೈವಾನ್ ಚೀನಾದ ಭಾಗ ಎಂಬ ನಿಲುವಿನ ಕುರಿತ ವಾಕ್ಯದಲ್ಲಿ ಇಂಗ್ಲಿಷ್ ಕ್ರಿಯಾಪದ ಎರಡು ಸಲವೂ ‘ಅಕ್ನಾಲೆಜ್’. ಚೀನಿ ಪಠ್ಯದಲ್ಲಿ ಮೊದಲು ‘ರೆನ್‌ಶಿ ದಾವ್’, ಅಂದರೆ ಮನಗಂಡಿದೆ. ಏಳು ವರ್ಷದ ನಂತರ ‘ಚೆಂಗ್‌ರೆನ್’, ಅಂದರೆ ಒಪ್ಪಿದೆ, ಮಾನ್ಯ ಮಾಡಿದೆ. ಇಂಗ್ಲಿಷ್ ಒಂದನ್ನೇ ನಂಬಿದವರಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಪಂಚಶೀಲವಿರುವ 1954ರ ಏಪ್ರಿಲ್ 29ರ ಭಾರತ-ಚೀನಾ ಒಪ್ಪಂದವನ್ನೂ ಪಾಠಕ್ಕೆ ಇಡಿ. ಅದು ಹಿಂದಿ, ಚೀನಿ, ಇಂಗ್ಲಿಷ್ ಮೂರರಲ್ಲೂ ಇದೆ, ಮೂರಕ್ಕೂ ಸಮಾನ ಮಾನ್ಯತೆ. ಹಿಂದಿ ಓದಬಲ್ಲ ವಿದ್ಯಾರ್ಥಿಗೆ ಇಂಗ್ಲಿಷಿನ ಹಂಗಿಲ್ಲದೆ ಮೂಲಪಠ್ಯವೊಂದು ಸಿಗುವ ಅಪರೂಪದ ಅವಕಾಶ ಇದು.

ಮಾಡಬಾರದ್ದು

ಮೂಲವನ್ನು ತಿದ್ದಬಾರದು. ಅರುಣಾಚಲದ ಊರು, ಬೆಟ್ಟ, ನದಿಗಳಿಗೆ ಚೀನಾ 2017ರಿಂದ ತನ್ನದೇ ಹೆಸರಿನ ಪಟ್ಟಿಗಳನ್ನು ಹೊರಡಿಸುತ್ತಿದೆ, ಆ ಪ್ರದೇಶವನ್ನು ‘ಜಾಂಗ್‌ನಾನ್’ ಎನ್ನುತ್ತದೆ. ಓದಿದರೆ ಸಿಟ್ಟು ಬರುತ್ತದೆ, ಬರಲಿ. ಆದರೂ ಅವರ ಹೇಳಿಕೆಯ ಒಳಗೆ ಅದೇ ಹೆಸರನ್ನು ಉದ್ಧರಣ ಚಿಹ್ನೆಯಲ್ಲಿ ಉಳಿಸಿ. ಅದು ನಮ್ಮ ಅರುಣಾಚಲ ಪ್ರದೇಶ ಎಂದು ಅಡಿಟಿಪ್ಪಣಿಯಲ್ಲಿ ಬರೆಯಿರಿ. ಅಳಿಸಿಬಿಟ್ಟರೆ, ಅವರು ಏನನ್ನು ತಮ್ಮದೆನ್ನುತ್ತಿದ್ದಾರೆ ಎಂಬುದೇ ಕನ್ನಡಿಗರಿಗೆ ತಿಳಿಯದು. ಚಿಹ್ನೆಯೂ ಟಿಪ್ಪಣಿಯೂ ಇಲ್ಲದೆ ಬಿಟ್ಟರೆ ಅವರ ಹಕ್ಕುಸಾಧನೆಗೆ ನಾವೇ ರುಜು ಹಾಕಿದಂತೆ. ಚೀನಾ ಟಿಬೆಟನ್ನು ತನ್ನ ಇಂಗ್ಲಿಷ್ ದಾಖಲೆಗಳಲ್ಲೂ ‘ಶೀಜಾಂಗ್’ ಎಂದು ಬರೆಯುತ್ತಿರುವುದಕ್ಕೂ ಇದೇ ನಿಯಮ.

‘ಗುಡುಗಿದ ಚೀನಾ’, ‘ಚೀನಾ ಕ್ಯಾತೆ’, ‘ಡ್ರ್ಯಾಗನ್ ಕುತಂತ್ರ’: ಈ ಟೀವಿ ಭಾಷೆ ತರಗತಿಯೊಳಗೆ ಕಾಲಿಡಕೂಡದು. ಆಕ್ಷೇಪ, ವಿರೋಧ, ಖಂಡನೆ ಮೂರೂ ಬೇರೆ ಬೇರೆ ತೂಕದವು. ಮೂಲದಲ್ಲಿ ಆಕ್ಷೇಪವಿದ್ದರೆ ಖಂಡನೆ ಎಂದು ಏರಿಸಬೇಡಿ.

ಯಂತ್ರಾನುವಾದವನ್ನು ಹಾಗೆಯೇ ಒಪ್ಪಿಸಬಾರದು.

ಮೇಷ್ಟ್ರುಗಳಿಗೆ ಒಂದು ಮಾತು: ಮೂಲಕ್ಕೆ ನಿಷ್ಠೆಯಿಂದ ಬರೆದ ಹುಡುಗನನ್ನೋ ಹುಡುಗಿಯನ್ನೋ ‘ಚೀನಾ ಪರ’ ಎಂದು ಕರೆಯಕೂಡದು. ಅಂಕ ಕತ್ತರಿಸಿದರೆ ಯಾವ ಪದಕ್ಕೆ, ಏಕೆ ಎಂದು ಉತ್ತರಪತ್ರಿಕೆಯ ಅಂಚಿನಲ್ಲಿ ಬರೆದು ಸಹಿ ಹಾಕಬೇಕು.