ಊದಬಾರದ ಬತ್ತಿಗೆ ಊದುಬತ್ತಿ ಅಂತ ಹೆಸರೇಕೆ?



ಇವತ್ತು ನಾವು ಒಂದು ಪದ ಓದೋಣ. ಬಿಡಿಸಿ ಓದೋಣ. ಕೂಡಿಸಿ ಓದೋಣ.

ಊ – ದು – ಬ – ತ್ತಿ
ಊದುಬತ್ತಿ

ಇದು ನಮಗೆ ಹೊಸ ಮಾತಲ್ಲ. ದೇವರ ಗೂಡಿನ ಮುಂದೆ ದಿನವೂ ಹಚ್ಚುತ್ತೇವೆ. ನಮ್ಮಲ್ಲಿ ಕೆಲವರು ಊದುಬತ್ತಿ ಹೊಸೆದೇ ಸಂಸಾರ ತೂಗಿಸುತ್ತಾರೆ. ಆದರೂ ಈ ಪದ ಓದಿದ ದಿನ ಒಬ್ಬ ಅಕ್ಕ ಕೇಳಿದರು:

"ಊದುಬತ್ತಿ ಉರೀನ ಬಾಯಲ್ಲಿ ಊದಿ ಆರಿಸಬಾರದು ಅಂತ ನಮ್ಮತ್ತೆ ಬೈತಾರೆ. ಕೈ ಬೀಸಿ ಆರಿಸ್ತೀವಿ. ಊದಲೇಬಾರದು ಅಂದಮೇಲೆ ಊದುಬತ್ತಿ ಅಂತ ಯಾಕಂತಾರೆ?"

ನಾವೆಲ್ಲ ನಕ್ಕೆವು. ಆದರೆ ಪ್ರಶ್ನೆ ಸರಿಯಾಗಿತ್ತು. ಉತ್ತರ ಹುಡುಕಿದೆವು.

ಈ ಪದದಲ್ಲಿ ಎರಡು ಮಾತುಗಳಿವೆ. ಊದು ಒಂದು, ಬತ್ತಿ ಇನ್ನೊಂದು.

ಬತ್ತಿ ನಮಗೆ ಗೊತ್ತು. ದೀಪದ ಬತ್ತಿಯೂ ಅದೇ. ಸಂಸ್ಕೃತದ 'ವರ್ತಿ' ಎಂಬ ಮಾತು ಸವೆದು ಸವೆದು ಬತ್ತಿ ಆಯಿತು.

ಊದು ಎಂಬುದು ಇಲ್ಲಿ ಬಾಯಿಂದ ಊದುವ ಮಾತಲ್ಲ. ಅದು ಅರಬಿ ಭಾಷೆಯ 'ಊದ್'. ಊದ್ ಎಂದರೆ ಕಟ್ಟಿಗೆ. ಪರಿಮಳದ ಒಂದು ಕಟ್ಟಿಗೆಗೂ ಅದೇ ಹೆಸರು. ಮರಾಠಿಯವರೂ ಉದಬತ್ತಿ ಅಂತಾರೆ. ಅವರ ಮಾತಿನಲ್ಲಿ ಊದುವುದಕ್ಕೆ ಬೇರೆಯೇ ಪದ ಇದೆ!

ಆ ಪರಿಮಳದ ಕಟ್ಟಿಗೆ ಯಾವುದು? ಅಗರು ಮರದ್ದು. ನಮ್ಮ ದೇಶದಲ್ಲಿ ಈ ಮರ ಅಸ್ಸಾಮಿನ ಕಡೆ ಬೆಳೆಯುತ್ತದೆ. ಚೆನ್ನಾಗಿರುವ ಮರಕ್ಕೆ ಅಂಥ ವಾಸನೆ ಇಲ್ಲ. ಮರಕ್ಕೆ ಗಾಯ ಆಗಬೇಕು. ಗಾಯಕ್ಕೆ ಬೂಷ್ಟು ಹಿಡಿಯಬೇಕು. ಆಗ ಮರ ತನ್ನನ್ನು ಕಾಪಾಡಿಕೊಳ್ಳಲು ಅಂಟು ಸುರಿಸುತ್ತದೆ. ಅಂಟು ಕುಡಿದ ಕಟ್ಟಿಗೆ ಕಪ್ಪಾಗುತ್ತದೆ. ಅದನ್ನು ಸುಟ್ಟರೆ ಘಮಘಮ!

ಸಂಸ್ಕೃತದಲ್ಲಿ ಅಗರು, ಅರಬಿಯಲ್ಲಿ ಊದ್. ಅಂದರೆ ಅಗರಬತ್ತಿ, ಊದುಬತ್ತಿ ಎರಡೂ ಒಂದೇ. ದರ್ಗಾದಲ್ಲಿ ಹಾಕುವ ಲೋಬಾನದ ಹೆಸರೂ ಅರಬಿಯದೇ. ದೇವಸ್ಥಾನದ ಧೂಪ ಸಂಸ್ಕೃತದ್ದು. ಹೊಗೆ ನಮ್ಮ ಕನ್ನಡದ್ದು. ಒಂದು ಕಡ್ಡಿ ಹಚ್ಚಿದರೆ ಎಷ್ಟು ಭಾಷೆ ಕೂಡುತ್ತವೆ ನೋಡಿ!

ಅಗರು ಬಲು ದುಬಾರಿ. ಹಾಗಾಗಿ ಸಾಮಾನ್ಯ ಊದುಬತ್ತಿಯಲ್ಲಿ ಊದ್ ಇರುವುದಿಲ್ಲ. ಇದ್ದಿಲ ಪುಡಿ, ಮರದ ಪುಡಿ, ಜಿಗಟು ಪುಡಿ ಕಲಸಿ ಬಿದಿರುಕಡ್ಡಿಗೆ ಹೊಸೆಯುತ್ತಾರೆ. ಆಮೇಲೆ ಸುವಾಸನೆಯ ಎಣ್ಣೆಯಲ್ಲಿ ಅದ್ದುತ್ತಾರೆ. ಹೆಸರು ಮಾತ್ರ ಉಳಿದಿದೆ.

ಆ ಹೆಸರಿಗೂ ಬೆಲೆ ಇದೆ. 2005ರಲ್ಲಿ 'ಮೈಸೂರು ಅಗರಬತ್ತಿ' ಎಂಬ ಹೆಸರಿಗೆ ಸರ್ಕಾರದ ಭೌಗೋಳಿಕ ಗುರುತು ಸಿಕ್ಕಿತು. ಬೇಕಾದವರೆಲ್ಲ ತಮ್ಮ ಸರಕಿಗೆ ಆ ಹೆಸರು ಹಾಕುವಂತಿಲ್ಲ.

ಹೆಸರಿಗೆ ಬೆಲೆ ಇದೆ, ಸರಿ. ಹೊಸೆಯುವ ಕೈಗೆ?

ಪ್ರಶ್ನೆ ಕೇಳಿದ ಅಕ್ಕನೂ ಮನೆಯಲ್ಲಿ ಊದುಬತ್ತಿ ಹೊಸೆಯುತ್ತಾರೆ. ಸಾವಿರಕ್ಕೆ ಇಷ್ಟು ಅಂತ ಕೂಲಿ. ಮೊದಲು ಲೆಕ್ಕ ಎಲ್ಲ ಬಾಯಲ್ಲೇ. ಅಂಕಿ ಕಲಿತ ಮೇಲೆ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯತೊಡಗಿದರು:

ಸೋಮವಾರ 3000
ಮಂಗಳವಾರ 2500
ಬುಧವಾರ 3000
ಗುರುವಾರ 3500

ಶುಕ್ರವಾರ ಮಾಲು ಕೊಟ್ಟರು. ಚೀಟಿ ಬಂತು. ಅಕ್ಕ ಓದಿದರು. 11000 ಅಂತ ಇತ್ತು.

"ಅಣ್ಣಾ, ಇದು ತಪ್ಪಾಗಿದೆ. ನಂದು 12000."

"ನಿಂಗೇನಮ್ಮ ಗೊತ್ತು?"

"ಬರ್ಕೊಂಡಿದೀನಿ. ಕಟ್ಟು ಎಣಿಸಿ."

ಕಟ್ಟು ಎಣಿಸಿದರು. 12000 ಇತ್ತು. ಚೀಟಿ ತಿದ್ದಿದರು. ಸಾವಿರ ಕಡ್ಡಿಯ ಕೂಲಿ ಉಳಿಯಿತು.

ಅಕ್ಕ ತರಗತಿಗೆ ಬಂದು ಹೇಳಿದರು: "ಹಿಂದೆ ಎಷ್ಟು ಸಾವಿರ ಹೊಗೆಯಾಗಿ ಹೋಯ್ತೋ! ಇನ್ಮೇಲೆ ಹೋಗಲ್ಲ."

ಕಿವಿಗೆ 'ಊದು' ಅಂತ ಕೇಳಿದ್ದು ಬೇರೆ, ಒಳಗಿನ ಅರ್ಥ ಬೇರೆ. ಚೀಟಿಯೂ ಹಾಗೇ. ಬಾಯಿಮಾತು ಕೇಳಿ ಸಹಿ ಹಾಕುವುದು ಬೇಡ. ನಾವೇ ಓದೋಣ. ಆಮೇಲೆ ಸಹಿ ಹಾಕೋಣ.

ಅಭ್ಯಾಸ

1. ಓದಿ, ಬರೆಯಿರಿ: ಊದುಬತ್ತಿ, ಅಗರಬತ್ತಿ, ಧೂಪ, ಲೋಬಾನ.
2. ಊದ್ ಎಂದರೆ ಏನು? ಅದು ಯಾವ ಭಾಷೆಯ ಮಾತು?
3. ಅಕ್ಕ ಬರೆದ ನಾಲ್ಕು ದಿನದ ಲೆಕ್ಕ ಕೂಡಿಸಿ ನೋಡಿ.
4. ಈ ವಾರ ನೀವು ಮಾಡಿದ ಕೆಲಸವನ್ನು ದಿನದಿನವೂ ಬರೆದಿಡಿ. ಮುಂದಿನ ತರಗತಿಗೆ ತನ್ನಿ.