ಡೆಮೊ ಕಾಗದಕ್ಕೆ ಸಹಿ ಹಾಕುವ ಮುನ್ನ

ವ್ಯಾಕ್ಯೂಮ್ ಕ್ಲೀನರ್ ತಂದ ಹುಡುಗ ಡಬ್ಬ ಬಿಚ್ಚಿ, ಒಮ್ಮೆ ಸ್ವಿಚ್ ಒತ್ತಿ ಸದ್ದು ಕೇಳಿಸಿ, ‘ಇಲ್ಲೊಂದು ಸಹಿ ಹಾಕಿ ಮೇಡಂ’ ಎನ್ನುತ್ತಾನೆ. ಬಳಸುವ ಬಗೆಯನ್ನು ವಿವರಿಸಲಾಗಿದೆ ಎಂದು ಆ ಕಾಗದದಲ್ಲಿ ಬರೆದಿದ್ದರೆ, ಮುಂದೆ ಮೋಟಾರ್ ಸುಟ್ಟಾಗ ಆ ಸಹಿಯೇ ನಿಮ್ಮ ವಿರುದ್ಧ ಸಾಕ್ಷಿ. ‘ತಪ್ಪು ಬಳಕೆ, ವಾರಂಟಿ ಬರಲ್ಲ’ ಎಂದು ಸರ್ವಿಸ್ ಸೆಂಟರಿನವರು ಕೈ ತೊಳೆದುಕೊಳ್ಳಬಹುದು.

ಆದ್ದರಿಂದ ಅವನನ್ನು ಹತ್ತು ನಿಮಿಷ ಕೂರಿಸಿ ಕೇಳಿ. ಬಹಳಷ್ಟು ಮಾದರಿಗಳಲ್ಲಿ ಒಳಗೆಳೆದ ಗಾಳಿಯೇ ಮೋಟಾರನ್ನು ತಂಪಾಗಿಡುತ್ತದೆ. ದೂಳಿನ ಚೀಲ ತುಂಬಿದರೆ, ಫಿಲ್ಟರ್ ಕಟ್ಟಿಕೊಂಡರೆ ಮೋಟಾರ್ ಕಾಯುತ್ತದೆ. ರಂಗೋಲಿ ಪುಡಿ, ಟೈಲ್ಸ್ ಕೊರೆದ ದೂಳು ಫಿಲ್ಟರನ್ನು ಬೇಗ ಮುಚ್ಚಿಬಿಡುತ್ತವೆ. ಒಣ ಕಸಕ್ಕಷ್ಟೇ ಮಾಡಿದ ಯಂತ್ರದಲ್ಲಿ ನೀರೆಳೆದರೆ ಶಾಕ್ ಹೊಡೆಯುವ ಅಪಾಯವೂ ಉಂಟು.

ಇದನ್ನೆಲ್ಲ ತಿಳಿಸುವುದು ಕಂಪನಿಯ ಉಪಕಾರವಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 84ನೇ ಸೆಕ್ಷನ್ ಪ್ರಕಾರ, ಸರಿಯಾದ ಬಳಕೆಯ ಸೂಚನೆಯಾಗಲಿ ತಪ್ಪು ಬಳಕೆಯ ಎಚ್ಚರಿಕೆಯಾಗಲಿ ಸಾಕಷ್ಟಿಲ್ಲದೆ ಹಾನಿಯಾದರೆ ತಯಾರಕರೇ ಹೊಣೆ. ಹಾನಿ ಎಂದರೆ ಇಲ್ಲಿ ವ್ಯಕ್ತಿಗೆ ಅಥವಾ ಬೇರೆ ಆಸ್ತಿಗೆ ಆದದ್ದು. ಯಂತ್ರವೇ ಕೆಟ್ಟರೆ ಈ ಸೆಕ್ಷನ್ ಒದಗುವುದಿಲ್ಲ. ಅನೇಕರು ಎಡವುವುದು ಇಲ್ಲೇ. ಅಂಥ ದೂರನ್ನು ಸರಕಿನ ದೋಷ ಅಥವಾ ಸೇವಾ ನ್ಯೂನತೆ ಎಂದೇ ಬರೆಯಬೇಕು. ತಿಳಿಸಬೇಕಾದ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದೂ ಸೇವಾ ನ್ಯೂನತೆಯೇ.

ಕಾಯ್ದೆ ನಮ್ಮನ್ನೂ ಸುಮ್ಮನೆ ಬಿಟ್ಟಿಲ್ಲ. ಯಂತ್ರವನ್ನು ಅಡ್ಡಾದಿಡ್ಡಿ ಬಳಸಿದ್ದರೆ, ಮಾರ್ಪಡಿಸಿದ್ದರೆ 87ನೇ ಸೆಕ್ಷನ್ ಮಾರಿದವರ ಪರ ನಿಲ್ಲುತ್ತದೆ. ಎಲ್ಲರಿಗೂ ಗೊತ್ತಿರುವ ಅಪಾಯವನ್ನು ಹೇಳಲಿಲ್ಲವೆಂದು ತಯಾರಕರನ್ನು ದೂರುವಂತಿಲ್ಲ.

ಡೆಮೊ ಕೊಡದೆ ಹೋದರೆ ಕಾಗದದ ಮೇಲೆ ‘ಡೆಮೊ ಕೊಟ್ಟಿಲ್ಲ’ ಎಂದು ಬರೆದೇ ಸಹಿ ಮಾಡಿ, ಫೋಟೊ ತೆಗೆದಿಡಿ. ಬಿಲ್, ವಾರಂಟಿ ಕಾರ್ಡ್, ಕೈಪಿಡಿ ಒಂದೇ ಕವರಿನಲ್ಲಿರಲಿ. ತಕರಾರು ಬಂದಾಗ ಮೊದಲು ಕಂಪನಿಗೆ ಲಿಖಿತ ದೂರು ಕೊಡಿ, ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದಕ್ಕೂ ಜಗ್ಗದಿದ್ದರೆ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗವಿದೆ. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ, ವಕೀಲರು ಬೇಕೇ ಬೇಕೆಂದೂ ಇಲ್ಲ. ತಕರಾರು ಹುಟ್ಟಿದ 2 ವರ್ಷದೊಳಗೆ ದೂರು ಸಲ್ಲಿಸಬೇಕು. ಅಷ್ಟರಲ್ಲಿ ಯಂತ್ರವನ್ನು ಪಕ್ಕದ ಬೀದಿಯ ರಿಪೇರಿಯವರಿಂದ ಬಿಚ್ಚಿಸಬೇಡಿ. ಆಯೋಗ ಅದನ್ನು ಪ್ರಯೋಗಾಲಯಕ್ಕೆ ಕಳಿಸಬೇಕಾಗಿ ಬರಬಹುದು.